ಆ ತಾಯಿ ಕಂಡದ್ದು ಸರಿಯಾಗಿಯೇ ಇತ್ತು

ನಿನ್ನೆ ನಮ್ಮ ಬೆಂಗಳೂರಿನ ಒಂದು ಗ್ಯಾಲರಿಗೆ ಜಲವರ್ಣ ಚಿತ್ರಗಳನ್ನು ನೋಡಲು ಹೋಗಿದ್ದೆ. ಬೆಟ್ಟದ ಸಾಲಿನ ಚಿತ್ರವೊಂದರ ಮುಂದೆ ನಿಂತಿದ್ದ ತಾಯಿಯೊಬ್ಬರು ಮಗಳಿಗೆ, "ಇಲ್ಲಿ ನೋಡು ಪುಟ್ಟಿ, ಬಣ್ಣಾನೇ ಹಚ್ಚಿಲ್ಲ, ಆದ್ರೂ ಮಂಜು ಹೇಗೆ ಕಾಣುತ್ತೆ" ಎಂದು ತೋರಿಸುತ್ತಿದ್ದರು. ನಾಲ್ಕೈದು ಜನರಿಗೆ ಚಿತ್ರಗಳನ್ನು ವಿವರಿಸುತ್ತ ಅಲ್ಲಿಗೆ ಬಂದ ಕಲಾವಿಮರ್ಶಕರೊಬ್ಬರಿಗೆ ಈ ಮಾತು ಕೇಳಿಸಿತು. "ಹಾಗೆ ನೋಡಬಾರದು ಮೇಡಂ, ಅದು ಮಂಜಲ್ಲ, ಅನುಪಸ್ಥಿತಿಯ ಅಭಿವ್ಯಕ್ತಿ" ಎಂದು ತಿದ್ದಿ ಅವರು ಮುಂದಕ್ಕೆ ನಡೆದರು. ಆ ತಾಯಿ ಆಮೇಲೆ ಯಾವ ಚಿತ್ರದ ಮುಂದೆಯೂ ಬಾಯಿ ತೆರೆಯಲಿಲ್ಲ. ರಾತ್ರಿಯೆಲ್ಲ ಇದೇ ನನ್ನನ್ನು ಕೊರೆಯುತ್ತಿತ್ತು.

ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಎಂಬುದು ಇಲ್ಲಿರುವ ಬಹುತೇಕರಿಗೆ ಗೊತ್ತು. ಜಲವರ್ಣದ ಮೊದಲ ಪಾಠದಲ್ಲಿ ನಾವು ಮಕ್ಕಳಿಗೆ ಹೇಳಿಕೊಡುವುದನ್ನೇ ಆ ತಾಯಿ ಯಾರೂ ಹೇಳಿಕೊಡದೆ ಕಂಡುಕೊಂಡಿದ್ದರು. ಪಾರದರ್ಶಕ ಜಲವರ್ಣದಲ್ಲಿ ಬಿಳಿಯ ಬಣ್ಣವೆಂದು ಪ್ರತ್ಯೇಕವಾಗಿ ಹಚ್ಚುವ ರೂಢಿಯಿಲ್ಲ. ಕಾಗದವೇ ಅದರ ಬಿಳುಪು. ಎಲ್ಲಿ ಮಂಜು, ಎಲ್ಲಿ ಮೋಡ, ಎಲ್ಲಿ ನೀರಿನ ಮೇಲಿನ ಹೊಳಪು ಎಂಬುದನ್ನು ಕುಂಚ ಅದ್ದುವ ಮೊದಲೇ ನಿರ್ಧರಿಸಿ ಅಷ್ಟು ಜಾಗವನ್ನು ಬಿಟ್ಟುಕೊಳ್ಳಬೇಕು. ಕಾಗದ ಒದ್ದೆಯಿರುವಾಗ ಬಣ್ಣ ತಾಗಿಸಿದರೆ ಅಂಚು ಕರಗಿ ಹರಡುತ್ತದೆ, ಒಣಗಿದ ಮೇಲೆ ತಾಗಿಸಿದರೆ ಗೆರೆ ಎಳೆದಂತೆ ನಿಲ್ಲುತ್ತದೆ. ನಿನ್ನೆಯ ಚಿತ್ರದಲ್ಲಿ ಹಿಂದಿನ ಬೆಟ್ಟದ ಬುಡ ಕರಗಿತ್ತು, ಮುಂದಿನ ಬೆಟ್ಟದ ನೆತ್ತಿ ಖಚಿತವಾಗಿತ್ತು, ನಡುವೆ ಎರಡು ಬೆರಳಗಲದ ಖಾಲಿ ಕಾಗದವಿತ್ತು. ಮಂಜು ಕಂಡದ್ದು ಅದರಿಂದಲೇ. ಆ ವಿಮರ್ಶಕರು ಅರ್ಧ ನಿಮಿಷ ನಿಂತು, "ನೀವು ಹೇಳಿದ್ದು ಸರಿ, ಆ ಅಂಚನ್ನೂ ಒಮ್ಮೆ ನೋಡಿ" ಎಂದಿದ್ದರೆ ತಾಯಿ ಮಗಳಿಬ್ಬರೂ ಆ ಚಿತ್ರವನ್ನು ಬದುಕಿನುದ್ದಕ್ಕೂ ನೆನಪಿಟ್ಟುಕೊಳ್ಳುತ್ತಿದ್ದರು.

ತಜ್ಞರಿಗೆ ಹೆಚ್ಚು ಕಾಣುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕಣ್ಣಿನ ಚಲನೆಯನ್ನು ಗುರುತಿಸಿದ ಅಧ್ಯಯನಗಳಲ್ಲಿ, ಕಲೆಯ ತರಬೇತಿಯಿಲ್ಲದವರ ದೃಷ್ಟಿ ಹೆಚ್ಚಾಗಿ ಮುಖಗಳ ಮೇಲೆ, ಗುರುತು ಸಿಗುವ ವಸ್ತುಗಳ ಮೇಲೆ ನಿಲ್ಲುವುದೂ, ತರಬೇತಿ ಪಡೆದವರ ದೃಷ್ಟಿ ಹಿನ್ನೆಲೆಯಲ್ಲಿ ಮತ್ತು ವಸ್ತುಗಳ ನಡುವಿನ ಜಾಗದಲ್ಲಿ ಹೆಚ್ಚು ಓಡಾಡುವುದೂ ಕಂಡುಬಂದಿದೆ. ಇನ್ನೂ ಹಿಂದೆಯೇ ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಅವರು ಇಲ್ಯಾ ರೆಪಿನ್ ರಚಿಸಿದ, ಮನೆಗೆ ಹಠಾತ್ತಾಗಿ ಮರಳಿದ ವ್ಯಕ್ತಿಯೊಬ್ಬನ ಚಿತ್ರವನ್ನು ತೋರಿಸಿ ಬೇರೆ ಬೇರೆ ಪ್ರಶ್ನೆಗಳನ್ನು ಕೇಳಿದ್ದರು. ಚಿತ್ರದಲ್ಲಿರುವವರ ವಯಸ್ಸೆಷ್ಟು ಎಂದು ಕೇಳಿದಾಗ ನೋಡುಗನ ಕಣ್ಣು ಮುಖಗಳತ್ತ ಹೋಯಿತು. ಆ ಮನೆಯವರ ಆರ್ಥಿಕ ಸ್ಥಿತಿ ಹೇಗಿದೆ ಎಂದು ಕೇಳಿದಾಗ ಬಟ್ಟೆ, ಪೀಠೋಪಕರಣಗಳತ್ತ ಹೊರಳಿತು. ಒಂದು ಪ್ರಶ್ನೆಗೆ ಇಷ್ಟು ಶಕ್ತಿಯಿರುವಾಗ, ತನಗೆ ಕಂಡದ್ದನ್ನು ಇನ್ನೊಬ್ಬರಿಗೂ ಕಾಣಿಸಲು ತಜ್ಞರಿಗೆ ಏನು ಕಷ್ಟ? ನಮ್ಮ ಉದ್ಘಾಟನಾ ಸಮಾರಂಭಗಳಲ್ಲಿ ಪ್ರಶ್ನೆಗಳೇ ಇರುವುದಿಲ್ಲ, ತೀರ್ಪುಗಳಿರುತ್ತವೆ. ಅಸ್ಮಿತೆ, ಅನುಸಂಧಾನ, ಅಂತರಂಗದ ತಲ್ಲಣ ಎಂದು ಮಾತು ಸಾಗುತ್ತದೆ. ಅದೇ ಮಾತನ್ನು ಪಕ್ಕದ ಗೋಡೆಯ ಚಿತ್ರಕ್ಕೆ ಹೇಳಿದರೂ ಒಂದಕ್ಷರ ಬದಲಿಸಬೇಕಾಗಿ ಬರುವುದಿಲ್ಲ. ನನ್ನ ಸಿಟ್ಟೆಲ್ಲ ಇದರ ಮೇಲೆ.

ಕಲೆಗೂ ಶಾಸ್ತ್ರವಿದೆ, ಅದಕ್ಕೆ ಪರಿಭಾಷೆ ಬೇಕು, ಎಲ್ಲವನ್ನೂ ಸುಲಭ ಮಾಡಹೊರಟರೆ ವಿಮರ್ಶೆ ತೆಳುವಾಗುತ್ತದೆ ಎಂದು ನಿನ್ನೆ ಗೆಳೆಯರೊಬ್ಬರು ಫೋನಿನಲ್ಲಿ ವಾದಿಸಿದರು. ಪರಿಭಾಷೆ ಖಂಡಿತ ಬೇಕು. ತೈಲವರ್ಣದಲ್ಲಿ ಮೇಲಿನ ಪದರಕ್ಕೆ ಕೆಳಗಿನದಕ್ಕಿಂತ ಹೆಚ್ಚು ಎಣ್ಣೆ ಇರಬೇಕು, ಇಲ್ಲದಿದ್ದರೆ ಕಾಲಕ್ರಮದಲ್ಲಿ ಬಿರುಕು ಬಿಡುತ್ತದೆ ಎಂಬುದು ಶಾಸ್ತ್ರವೇ. ಆದರೆ ಆ ಬಿರುಕನ್ನು ಬೆರಳು ಮಾಡಿ ತೋರಿಸಬಹುದು, ನೋಡಿದವನು ಹೌದೋ ಅಲ್ಲವೋ ಎಂದು ಹೇಳಬಹುದು. ಬೆರಳು ಮಾಡಿ ತೋರಿಸಲಾಗದ ಮಾತಿಗೆ ಶಾಸ್ತ್ರದ ಗೌರವ ಕೊಡಲು ನಾನು ಸಿದ್ಧನಿಲ್ಲ.

"ಫೋಟೋ ಥರಾನೇ ಇದೆ" ಎಂಬ ಮಾತನ್ನು ಕೇಳಿದರೆ ಸಾಕು, ನಮ್ಮ ತಿಳಿದವರ ಮುಖ ಗಂಟಿಕ್ಕುತ್ತದೆ. ಕೆ. ವೆಂಕಟಪ್ಪನವರ (1886–1965) ಊಟಿಯ ದೃಶ್ಯಗಳನ್ನು ಮೊದಲ ಬಾರಿ ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸಬಹುದು. ಆ ಮಾತು ಆಡಿದ ಹುಡುಗನನ್ನು, "ಹಾಗಾದರೆ ಫೋಟೋದಲ್ಲಿ ಇಲ್ಲದ್ದು ಇಲ್ಲಿ ಏನಿದೆ, ಹುಡುಕು" ಎಂದು ಕೇಳಿದರೆ ಅವನು ಚಿತ್ರದ ಹತ್ತಿರ ಹೋಗುತ್ತಾನೆ. ಬೆಳಕು ಎಲ್ಲಿಂದ ಬೀಳುತ್ತಿದೆ, ದೂರದ ಬೆಟ್ಟ ಏಕೆ ನೀಲಿ ಎಂದು ತಾನೇ ಕೇಳತೊಡಗುತ್ತಾನೆ. ಆಗ ವೆಂಕಟಪ್ಪನವರು ಕೋಲ್ಕತ್ತದಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರೆಂದೂ, ಆ ಪಂಥದಲ್ಲಿ ಬಣ್ಣ ಹಚ್ಚಿದ ಕಾಗದವನ್ನು ನೀರಿಗೆ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಹಚ್ಚುವ ಕ್ರಮವಿತ್ತೆಂದೂ ಹೇಳಿದರೆ ಅವನು ಕಿವಿಗೊಟ್ಟು ಕೇಳುತ್ತಾನೆ.

ಯಾರು ತಜ್ಞರು, ಯಾರು ಹೊಸಬರು ಎಂಬ ಲೆಕ್ಕವೂ ಎಲ್ಲ ಗೋಡೆಗಳ ಮುಂದೆ ಒಂದೇ ಆಗಿರುವುದಿಲ್ಲ. ಮೈಸೂರು ಸಾಂಪ್ರದಾಯಿಕ ಶೈಲಿಯ ಶ್ರೀರಾಮ ಪಟ್ಟಾಭಿಷೇಕದ ಮುಂದೆ ನಮ್ಮ ಮನೆಯ ಅಜ್ಜಿಯಂದಿರನ್ನು ನಿಲ್ಲಿಸಿ ನೋಡಿ. ಕೊಡೆ ಹಿಡಿದವರಾರು, ಚಾಮರ ಬೀಸುವವರಾರು, ಪಾದದ ಬಳಿ ಕುಳಿತವರಾರು ಎಂದು ತಡವರಿಸದೆ ಹೇಳುತ್ತಾರೆ. ತಂಜಾವೂರು ಶೈಲಿಗೆ ಹೋಲಿಸಿದರೆ ಮೈಸೂರಿನದರಲ್ಲಿ ಚಿನ್ನದ ರೇಕಿನ ಕೆಳಗಿನ ಉಬ್ಬು ಕಡಿಮೆ, ಕುಸುರಿ ನಾಜೂಕು ಎಂಬುದನ್ನು ವಿಮರ್ಶಕರು ಹೇಳಲಿ, ಕಥೆಯನ್ನು ಅಜ್ಜಿ ಹೇಳಲಿ. ಚಿತ್ರಕ್ಕೆ ಇಬ್ಬರೂ ಬೇಕು.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದಾಗ ನನಗೆ ಸಂತೋಷವಾಗುವುದು ಇದಕ್ಕಾಗಿಯೇ. ಕೊಳ್ಳಲು ಬಂದವರು ಕಲಾವಿದರನ್ನೇ ನೇರವಾಗಿ, "ಇದು ಯಾವ ಊರು ಸಾರ್, ಬ್ರಶ್ಶಲ್ಲಿ ಮಾಡಿದ್ದಾ ಚಾಕೂಲಾ?" ಎಂದು ಕೇಳುತ್ತಾರೆ, ಕಲಾವಿದರು ಬೆರಳಿಟ್ಟು ಬಣ್ಣದ ದಪ್ಪವನ್ನು ತೋರಿಸುತ್ತಾರೆ. ಅದನ್ನು ಬರೀ ವ್ಯಾಪಾರ, ಜಾತ್ರೆ ಎಂದು ತಳ್ಳಿಹಾಕುವವರಿದ್ದಾರೆ. ಚಿತ್ರವನ್ನು ಕುರಿತು ಅಷ್ಟು ಚೆನ್ನಾದ ಮಾತುಕತೆ ನಡೆಯುವುದನ್ನು ಹವಾನಿಯಂತ್ರಿತ ಸಭಾಂಗಣಗಳಲ್ಲಿ ನಾನು ಕಂಡದ್ದು ಬಹಳ ಕಡಿಮೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಗ್ಯಾಲರಿಗಳಲ್ಲಿ ಕೆಲಸ ಮಾಡುತ್ತಿದ್ದೀರಿ, ಇದನ್ನು ಓದುತ್ತಲೂ ಇದ್ದೀರಿ. ಮುಂದಿನ ಪ್ರದರ್ಶನದಲ್ಲಿ ಚಿತ್ರದ ಪಕ್ಕದ ಫಲಕ ಬರೆಯುವಾಗ, ಮಾಧ್ಯಮ, ಅಳತೆ, ಇಸವಿಯ ಕೆಳಗೆ, ಆ ಚಿತ್ರದಲ್ಲಿ ಮಾತ್ರ ಕಾಣುವ ಯಾವುದಾದರೂ ಒಂದನ್ನು ಎರಡು ಸಾಲಿನಲ್ಲಿ ಕನ್ನಡದಲ್ಲಿ ಬರೆಯಿರಿ. ಕರಡನ್ನು ನನಗೆ ಕಳುಹಿಸಿದರೆ ಅದೇ ದಿನ ಓದಿ ಹೇಳುತ್ತೇನೆ.