ಎಲ್‌ಇಡಿ ಟಿವಿಯ ಆಯುಷ್ಯ ಐದೇ ವರ್ಷವಲ್ಲ: ಸ್ಪಷ್ಟನೆ

‘ಎಲ್‌ಇಡಿ ಟಿವಿಯ ಆಯುಷ್ಯ ಐದೇ ವರ್ಷ, ಆಮೇಲೆ ರಿಪೇರಿ ವ್ಯರ್ಥ’ ಎಂಬ ಸಂದೇಶವೊಂದು ವಿಜಯಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಇದು ಸರಿಯಲ್ಲ. ಪರದೆಯ ಹಿಂಬದಿಯ ದೀಪಗಳ ಬಾಳಿಕೆಯನ್ನು ಸಾಮಾನ್ಯವಾಗಿ 30,000ದಿಂದ 60,000 ಗಂಟೆ ಎಂದು ಹೇಳಲಾಗುತ್ತಿದ್ದು, ದಿನಕ್ಕೆ 6 ಗಂಟೆ ನೋಡುವ ಮನೆಯಲ್ಲಿ ಅದು ಕನಿಷ್ಠ 13 ವರ್ಷವಾಗುತ್ತದೆ. ಅಷ್ಟಾದ ಮೇಲೂ ಬೆಳಕು ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಟಿವಿ ನಿಂತುಹೋಗಬೇಕೆಂದಿಲ್ಲ. ಹಾಗೆಂದು ಕಾಗದದ ಮೇಲಿನ ಈ ಲೆಕ್ಕವನ್ನು ಪೂರ್ತಿ ನಂಬುವಂತೆಯೂ ಇಲ್ಲ: ನಮ್ಮ ಭಾಗದ ಬೇಸಿಗೆಯ ಧಗೆ, ಧೂಳು ಮತ್ತು ವೋಲ್ಟೇಜ್ ಏರಿಳಿತದಿಂದ ಟಿವಿಗೆ ವಿದ್ಯುತ್ ಒದಗಿಸುವ ಪವರ್ ಬೋರ್ಡಿನ ಕೆಪಾಸಿಟರ್ ಎಂಬ ಬಿಡಿಭಾಗ ಉಬ್ಬಿಯೋ, ದೀಪಗಳ ಪಟ್ಟಿ ಸುಟ್ಟೋ ಸೆಟ್ ಬೇಗನೆ ಕೈಕೊಡುವುದುಂಟು. ಧ್ವನಿಯಿದ್ದೂ ಚಿತ್ರ ಕಾಣದಿದ್ದರೆ, ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದು ನೋಡಬೇಕು. ಮಸುಕಾಗಿಯಾದರೂ ಚಿತ್ರ ಕಂಡರೆ ಕೆಟ್ಟಿರುವುದು ಬಹುಮಟ್ಟಿಗೆ ಹಿಂಬದಿಯ ಬೆಳಕಷ್ಟೇ, ಅದನ್ನು ಸರಿಪಡಿಸಬಹುದು. ಚಿತ್ರ ಮೂಡಿಸುವ ಪರದೆ, ಅಂದರೆ ಪ್ಯಾನೆಲ್ಲೇ ಒಡೆದಿದ್ದರೆ ಮಾತ್ರ ಹೊಸ ಟಿವಿಯ ಯೋಚನೆ ಮಾಡುವುದು ಲೇಸು.