ವಿಹಾರಕ್ಕೊಂದು ಅಣೆಕಟ್ಟು

ಅಣೆಕಟ್ಟು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕನ್ನಂಬಾಡಿ: ಸರ್ಕಾರ, ಎಂಜಿನಿಯರು, ನಾಲೆ, ಕಬ್ಬಿನ ಗದ್ದೆ. ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿನ ರಾಷ್ಟ್ರೀಯ ಪಟ್ಟಿಯಲ್ಲಿರುವ 90,000ಕ್ಕೂ ಹೆಚ್ಚು ಅಣೆಕಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಖಾಸಗಿ ಸ್ವತ್ತು, ಬಹುಪಾಲು ಮಣ್ಣಿನವು. ಕಟ್ಟೆಯ ಮುಖ್ಯ ಉದ್ದೇಶವೇನೆಂದು ಕೇಳಿದರೆ ಅತಿ ಹೆಚ್ಚು ಬಾರಿ ಸಿಗುವ ಉತ್ತರ ನೀರಾವರಿಯಲ್ಲ, ವಿದ್ಯುತ್ತಲ್ಲ, ವಿಹಾರ. ಒಂದು ತೊರೆಗೆ ಅಡ್ಡಲಾಗಿ ಮಣ್ಣು ಪೇರಿಸಿ, ತೂಬಿಟ್ಟು, ಪಕ್ಕದಲ್ಲಿ ಕೋಡಿ ಬಿಟ್ಟು, ನೀರು ನಿಂತ ಮೇಲೆ ಬಾಸ್ ಮೀನಿನ ಮರಿ ಬಿಟ್ಟರೆ ಮುಗಿಯಿತು. ಕೆರೆ ಏರಿಯನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಊರೊಟ್ಟಿನ ಹೊಣೆಯೊಂದು ಗಾಳ ಹಿಡಿದು ಕುಳಿತ ಒಬ್ಬ ಗೃಹಸ್ಥನ ತಲೆಯ ಮೇಲೆ ಇಡಿಯಾಗಿ ಬಂದು ಕೂರುವುದು ಮಾತ್ರ ನನಗೆ ಸೋಜಿಗವೆನಿಸುತ್ತದೆ.

ಏಕೆಂದರೆ ವಿಹಾರದ ಏರಿ ತನ್ನ ಯಜಮಾನನಿಗೆ ಬಿಡುವು ಕೊಡುವುದಿಲ್ಲ. ಹುಲ್ಲನ್ನು ಕೊಯ್ಯುತ್ತಲೇ ಇರಬೇಕು, ಇಲ್ಲದಿದ್ದರೆ ಬಿಲ ಕಾಣುವುದಿಲ್ಲ. ಗ್ರೌಂಡ್‌ಹಾಗ್ ಎಂಬ ದಢೂತಿ ಪ್ರಾಣಿಗೆ ಒಣಗಿದ ಇಳಿಜಾರು ಇಷ್ಟ, ಮಸ್ಕ್‌ರ‍್ಯಾಟ್ ಎಂಬ ಇಲಿಯಂಥ ಪ್ರಾಣಿಗೆ ನೀರಂಚು ಇಷ್ಟ. ಎರಡೂ ಕಡೆಯಿಂದ ಕೊರೆತ ನಡೆದರೆ ನೀರಿಗೆ ದಾರಿ ಹತ್ತಿರವಾಗುತ್ತದೆ. ನೆರಳಿಗೆಂದು ಮರ ಬಿಡುವ ಹಾಗೂ ಇಲ್ಲ. ಮರ ಸತ್ತು ಬೇರು ಕೊಳೆತರೆ ಅದು ಮಣ್ಣಿನೊಳಗಿನ ಕೊಳವೆಯಾಗುತ್ತದೆ (ಜಾಲಿ ಬೆಳೆದ ನಮ್ಮ ಏರಿಗಳಿಗೂ ಈ ಮಾತು ಸಲ್ಲುತ್ತದೆ). ಏರಿಯ ಬುಡದಲ್ಲಿ ತುಸು ಜಿನುಗುವುದು ಸಹಜವೇ, ಆದರೆ ಆ ನೀರು ತಿಳಿಯಾಗಿದೆಯೇ ಕದಡಿದೆಯೇ ಎಂದು ಬಗ್ಗಿ ನೋಡಬೇಕು: ಕದಡಿದ್ದರೆ ಏರಿಯ ಮಣ್ಣೇ ಕರಗಿ ಹೊರಗೆ ಬರುತ್ತಿದೆ ಎಂದರ್ಥ.

ಇಷ್ಟೆಲ್ಲ ಅಂಜಿಕೆ ಅತಿಯಾಯಿತು ಎನ್ನುವವರು ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟನ್ನು ನೆನೆಯಬೇಕು. ಅದು ಸಣ್ಣದಲ್ಲ, ಆದರೆ ಮಣ್ಣಿನದು, ವಿಹಾರದ್ದು, ಕಾರ್ನೆಗಿಯಂಥ ಕುಬೇರರಿದ್ದ ಕ್ಲಬ್ಬೊಂದರ ಸ್ವತ್ತು. ನೀರು ಹೊರಬಿಡಲೆಂದು ಕಟ್ಟೆಯ ಬುಡದಲ್ಲಿದ್ದ ಕಬ್ಬಿಣದ ಕೊಳವೆಗಳನ್ನು ಹಿಂದಿನ ಒಡೆಯ ಆಗಲೇ ಕಿತ್ತು ಮಾರಿದ್ದ. ಮೇಲೆ ಸಾರೋಟು ಓಡಾಡಲೆಂದು ಕ್ಲಬ್ಬಿನವರು ಏರಿಯ ತಲೆಯನ್ನು ತಗ್ಗಿಸಿದರು. ಮೀನು ಕೊಚ್ಚಿಹೋಗದಿರಲೆಂದು ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರ ಮಳೆಗೆ ಜಾಲರಿಗೆ ಕಸ ಕಟ್ಟಿತು, ನೀರು ಏರಿಯ ಮೇಲೆಯೇ ಹರಿಯಿತು, ಕೆಳಗಿನ ಜಾನ್ಸ್‌ಟೌನ್ ಪಟ್ಟಣ ಕೊಚ್ಚಿಹೋಗಿ 2,209 ಜನ ಸತ್ತರು. ಮೀನು ಉಳಿಸುವ ಜಾಣತನ ಇಷ್ಟು ದುಬಾರಿಯಾದದ್ದು ಬೇರೆಲ್ಲೂ ಇರಲಾರದು. ನ್ಯಾಯಾಲಯದಲ್ಲಿ ಮಾತ್ರ ಕ್ಲಬ್ಬು ಒಂದು ಡಾಲರೂ ಪರಿಹಾರ ತೆರಬೇಕಾಗಲಿಲ್ಲ.

ಸಣ್ಣದರ ಕಥೆ ಬೇಕೆಂದರೆ ಜಾರ್ಜಿಯಾದ ಕೆಲ್ಲಿ ಬಾರ್ನ್ಸ್ ಕಟ್ಟೆಯಿದೆ. ವಿದ್ಯುತ್ತಿನ ಕೆಲಸ ನಿಂತ ಮೇಲೆ ವಿಹಾರಕ್ಕಷ್ಟೇ ಉಳಿದಿದ್ದ ಅದು 1977ರ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ ಒಡೆದು 39 ಜನರನ್ನು ಬಲಿ ತೆಗೆದುಕೊಂಡಿತು. ಅದಾದ ಮೇಲೆಯೇ ಅಧ್ಯಕ್ಷ ಕಾರ್ಟರ್ ಇಂಥ ಕಟ್ಟೆಗಳ ತಪಾಸಣೆಗೆ ಆದೇಶಿಸಿದ್ದು. ಈಗ ಕೊಳದ ದಂಡೆಯ ಮನೆ ಕೊಂಡವನಿಗೆ ಎಷ್ಟೋ ಸಲ ಏರಿಯ ದುರಸ್ತಿಯೂ ಗಂಟುಬೀಳುತ್ತದೆ. ಖರ್ಚಿನ ಅಂದಾಜು ಕೇಳಿ ಬೆವೆತವನು, ಕಟ್ಟೆಯೇ ಬೇಡ, ಒಡೆದು ತೊರೆಯನ್ನು ಅದರ ಪಾಡಿಗೆ ಬಿಟ್ಟುಬಿಡೋಣ ಎಂದುಕೊಂಡರೆ, ಬಹಳಷ್ಟು ರಾಜ್ಯಗಳಲ್ಲಿ ಅದಕ್ಕೂ ನಕ್ಷೆ ಸಹಿತ ಅರ್ಜಿ ಹಾಕಿ ಸರ್ಕಾರದ ಅನುಮತಿ ಪಡೆಯಬೇಕು.