ಧನುರ್ವಾಯು ಬರುವುದು ತುಕ್ಕಿನಿಂದಲ್ಲ

"ತುಕ್ಕು ಹಿಡಿದ ಮೊಳೆ ಚುಚ್ಚಿದರೆ ತುಕ್ಕಿನ ವಿಷ ರಕ್ತಕ್ಕೆ ಸೇರಿ ಧನುರ್ವಾಯು ಬರುತ್ತದೆ" ಅನ್ನೋ ಮೆಸೇಜು ಓಡಾಡುತ್ತಿದೆ. ಹೆದರಿಕೆ ಸರಿ, ಕಾರಣ ತಪ್ಪು. ತುಕ್ಕು ಅಂದರೆ ಗಾಳಿ, ನೀರು ತಾಗಿ ಕೆಟ್ಟ ಕಬ್ಬಿಣ, ಅಷ್ಟೇ. ರೋಗ ತರುವುದು ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾ. ಅದು ಮಣ್ಣಲ್ಲಿ, ಸಗಣಿಯಲ್ಲಿ ಇರುತ್ತದೆ. ಗಾಳಿಯಾಡದ ಆಳ ಗಾಯದಲ್ಲಿ ಬೆಳೆಯುತ್ತದೆ. ಹಾವೇರಿ ಕಡೆ ಹೊಲದಲ್ಲಿ ಕಾಲಿಗೆ ಮುರಿಯುವ ಜಾಲಿಮುಳ್ಳಿಗೆ ತುಕ್ಕೆಲ್ಲಿದೆ? ಅದರಿಂದಲೂ ಬರಬಹುದು. ತಿಪ್ಪೆಯಲ್ಲಿ ಬಿದ್ದ ಹೊಳೆಯುವ ಹೊಸ ಮೊಳೆಯಿಂದಲೂ.

ಚುಚ್ಚಿದರೆ ಸೋಪು, ನೀರು ಹಾಕಿ ಚೆನ್ನಾಗಿ ತೊಳೆಯಿರಿ. ಸಗಣಿ, ಮಣ್ಣು ಮೆತ್ತಬೇಡಿ. ಕೊನೆಯ ಟಿಟಿ ಇಂಜೆಕ್ಷನ್ (ಧನುರ್ವಾಯು ತಡೆಯುವ ಲಸಿಕೆ) ಆಗಿ 5 ವರ್ಷ ದಾಟಿದ್ದರೆ, ಅಥವಾ ನೆನಪೇ ಇಲ್ಲದಿದ್ದರೆ, ಅವತ್ತೇ ಡಾಕ್ಟರಿಗೆ ತೋರಿಸಿ.

ಅಂದಹಾಗೆ, ರೊಟ್ಟಿ ಹಂಚಿಗೆ ತುಕ್ಕು ಬಂತು ಅಂತ ಸುಮ್ನೆ ಎಸೆಯಬೇಡಿ. ಉಜ್ಜಿ ತೊಳೆದು, ಒಣಗಿಸಿ, ಎಣ್ಣೆ ಸವರಿಡಿ.